ಮಾತಾಡದ ಪೆಟ್ಟಿಗೆ

ಪೆಟ್ಟಿಗೆಯೆಂದರೆ ಏನನ್ನಾದರೂ ತುಂಬಿಡುವ ಸಾಧನವೆಂಬುದು ಎಲ್ಲರೂ ಬಲ್ಲ ಸಂಗತಿ. ಅಂಥದರಲ್ಲಿ ಬರಿಯ ಗಾಳಿಯನ್ನು ತುಂಬುವುದಕ್ಕಾಗಿ ಹುಡುಗನೊಬ್ಬ ಎರಡು ತಿಂಗಳ ಭಾನುವಾರಗಳನ್ನೂ ತನ್ನ ವಿದ್ಯಾರ್ಥಿವೇತನದ ಒಂದು ಪಾಲನ್ನೂ ಕಳೆದನೆಂದರೆ ಮನೆಯವರು ನಗುವುದು ಸಹಜವೇ. "ಅಂಗಡೀಲಿ ರೆಡಿಮೇಡ್ ಸಿಗ್ತದಲ್ಲಯ್ಯ" ಎಂದು ನಮ್ಮ ಚಿಕ್ಕಪ್ಪನವರು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ, ಆಮೇಲೆ ಅದಕ್ಕೆ ದೂರದಿಂದಲೇ ಕೈಮುಗಿದು ಬಿ.ಎ. ತರಗತಿಗೆ ಬಂದು ಕುಳಿತವನು. ಆದುದರಿಂದ ಮುಂದೆ ಬರುವ ವಿವರಣೆಯಲ್ಲಿ ತಿಳಿದವರಿಗೆ ತಪ್ಪು ಕಂಡರೆ ಅದು ನನ್ನದು. ಸರಿಯೆಂದು ಕಂಡದ್ದು ನನಗೆ ಪಾಠ ಹೇಳಿದ ಭೌತಶಾಸ್ತ್ರದ ಮೇಷ್ಟರದು.

ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ತಾತ ರೇಷ್ಮೆ ಹುಳು ಸಾಕಿ ಬದುಕಿದವರು. ಸಂಜೆಯಾದರೆ ತಂಬೂರಿ ಹಿಡಿದು ಕೈವಾರದ ತಾತಯ್ಯನವರ ಪದಗಳನ್ನು ಹಾಡುತ್ತಿದ್ದರಂತೆ. ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಪದ ಕಟ್ಟಿದವರು. ನಮ್ಮ ಸೀಮೆಯೂ ಎರಡು ನುಡಿಯ ಸೀಮೆಯಾದ್ದರಿಂದ ಆ ಪದಗಳು ಇಲ್ಲಿ ಮನೆಮಾತಿನಂತೆಯೇ ನಡೆಯುತ್ತವೆ. ತಾತ ತೀರಿಕೊಂಡದ್ದು ನಾನು ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ. ಅವರ ದನಿ ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. 1989ರಲ್ಲಿ ಸೋದರಮಾವನೊಬ್ಬರು ಟೇಪ್‌ರೆಕಾರ್ಡರನ್ನು ಎದುರಿಗಿಟ್ಟು ಅರ್ಧ ಗಂಟೆ ಹಿಡಿದದ್ದು. ಅದನ್ನು ನಾನು ಕಳೆದ ವರ್ಷ ಮೊಬೈಲಿಗೆ ಇಳಿಸಿಕೊಂಡು, ದೊಡ್ಡ ಸಾಧನೆ ಮಾಡಿದವನಂತೆ ಅಜ್ಜಿಯ ಕಿವಿಯ ಬಳಿ ಹಿಡಿದೆ. ಅಜ್ಜಿ ಒಂದು ನಿಮಿಷ ಕೇಳಿದರು. "ಇದಿ ಆಯನ ಗೊಂತು ಕಾದು" ಎಂದರು. ಇದು ಅವರ ಕಂಠವಲ್ಲ ಎಂದು ಅರ್ಥ. ಹೇಳಿ, ಸೊಪ್ಪು ಬಿಡಿಸುವ ಕೆಲಸಕ್ಕೆ ತಿರುಗಿಕೊಂಡರು.

ತಾತನ ದನಿ ಹೇಗಿತ್ತೆಂದು ನಾನು ಕಾಣೆ. ಬಲ್ಲವರು ಅಜ್ಜಿಯೊಬ್ಬರೇ; ಅವರಿಗೆ ಎಂಬತ್ತು ದಾಟಿದೆ. ಅವರು ಅಲ್ಲವೆಂದರೆ ಮೇಲ್ಮನವಿ ಸಲ್ಲಿಸುವುದಕ್ಕೆ ಬೇರೆ ನ್ಯಾಯಾಲಯವಿಲ್ಲ.

ಮೇಷ್ಟರ ಬಳಿಗೆ ಹೋಗಿ ದೂರು ಹೇಳಿಕೊಂಡೆ. ಅವರು ನಕ್ಕು, "ನಿಮ್ಮಜ್ಜಿ ಹೇಳಿದ್ದು ಸರಿಯಾಗಿದೆ. ಮೊಬೈಲಿನಲ್ಲಿ ನಿನ್ನ ತಾತ ಅರ್ಧ ಮಾತ್ರ ಇದ್ದಾರೆ" ಎಂದರು. ವಿಷಯ ಹೀಗಿದೆ. ಗಂಡಸರ ಹಾಡಿಕೆಯಲ್ಲಿ ಆಧಾರ ಷಡ್ಜವು ಸೆಕೆಂಡಿಗೆ ಸುಮಾರು 130 ಕಂಪನಗಳ ಆಸುಪಾಸಿನಲ್ಲಿರುತ್ತದೆ. ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಎಂದರೆ 65. ಮೊಬೈಲಿನೊಳಗಿನ ಸ್ಪೀಕರೋ ಹುಣಿಸೆ ಬೀಜದಷ್ಟು ದೊಡ್ಡದು. 300, 400 ಕಂಪನಗಳಿಂದ ಕೆಳಗಿನದನ್ನು ಅದು ಹೆಚ್ಚುಕಡಿಮೆ ನುಡಿಯಲಾರದು. ಹಾಗಾದರೆ ನಮಗೆ ರಾಗ ತಿಳಿಯುವುದು ಹೇಗೆ? ಪ್ರತಿಯೊಂದು ಸ್ವರದ ಜೊತೆಗೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಮರಿಸ್ವರಗಳು ಹುಟ್ಟುತ್ತವೆ. ಆ ಮರಿಗಳನ್ನು ಕೇಳಿ, ಇವುಗಳ ತಾಯಿ ಇಂಥದಿರಬೇಕೆಂದು ನಮ್ಮ ಕಿವಿ ಮತ್ತು ಮಿದುಳು ಊಹಿಸಿಕೊಂಡುಬಿಡುತ್ತವೆ. ಈ ಊಹೆ ಎಷ್ಟು ನಯವಾಗಿ ನಡೆಯುತ್ತದೆಂದರೆ ತಾಯಿಸ್ವರ ಕೇಳಿಸುತ್ತಿಲ್ಲವೆಂಬುದೇ ನಮಗೆ ಗೊತ್ತಾಗುವುದಿಲ್ಲ. ಆದರೆ ಮುದುಕರ ವಿಷಯ ಬೇರೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು; ತಗ್ಗಿನವು ಬಹುಕಾಲ ಉಳಿದಿರುತ್ತವೆ. ಎಂದರೆ ಮೊಬೈಲು ಕೊಡುವುದು ಅಜ್ಜಿಗೆ ಕೇಳದು. ಅಜ್ಜಿಗೆ ಕೇಳುವಂಥದನ್ನು ಮೊಬೈಲು ಕೊಡದು. ಇದಕ್ಕೆ ದೊಡ್ಡ ಸ್ಪೀಕರು ಬೇಕು ಎಂದು ತೀರ್ಮಾನವಾಯಿತು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು, ಇಂಥ ಸಾಮಾನುಗಳ ಸಂತೆ. ಅಲ್ಲಿಗೆ ಹೋಗಿ ಎಂಟು ಅಂಗುಲದ ಬರಿಯ ಸ್ಪೀಕರೊಂದನ್ನು ಕೊಂಡು ತಂದೆ. ಹಳೆಯ ಟೇಪಿನಲ್ಲಿ ಎಡ ಬಲವೆಂಬ ಭೇದವಿಲ್ಲದ್ದರಿಂದ ಒಂದೇ ಸಾಕಾಯಿತು. ಸ್ಪೀಕರಿನ ರಚನೆ ಸರಳವಾದದ್ದು: ಕಾಗದದ ಒಂದು ಶಂಕು, ಅದರ ಬುಡದಲ್ಲಿ ತೆಳು ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಶಂಕು ಹಿಂದೆ ಮುಂದೆ ಆಡುತ್ತದೆ, ಗಾಳಿಯನ್ನು ತಳ್ಳುತ್ತದೆ, ಸೆಳೆಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ಮಾದರಿ ಇದು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದಾಗ ಈ ಮಾದರಿಗೆ ಹತ್ತು ವರ್ಷ ತುಂಬಿತ್ತು. ಈಗ ನೂರು ವರ್ಷವಾಗಿದೆ. ಮೂಲ ರಚನೆ ಬದಲಾಗಿಲ್ಲ.

ಆ ಸ್ಪೀಕರನ್ನು ಮೇಜಿನ ಮೇಲೆ ಇಟ್ಟು ನುಡಿಸಿದಾಗ ನನಗಾದ ನಿರಾಶೆಯನ್ನು ಏನೆಂದು ಹೇಳಲಿ! ಮೊಬೈಲಿಗಿಂತ ಗಟ್ಟಿಯಾಗಿ ಕೇಳಿಸಿತೇ ಹೊರತು ತಂಬೂರಿಗೆ ಮೈಯೇ ಬರಲಿಲ್ಲ. ಅಂಗಡಿಯವನು ಮೋಸ ಮಾಡಿದನೆಂದುಕೊಂಡೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಶಂಕು ಮುಂದಕ್ಕೆ ಬಂದಾಗ ಅದರ ಎದುರಿನ ಗಾಳಿ ಒತ್ತಿಕೊಳ್ಳುತ್ತದೆಯಷ್ಟೆ. ಅದೇ ಗಳಿಗೆಯಲ್ಲಿ ಬೆನ್ನಿನ ಕಡೆಯ ಗಾಳಿ ಸಡಿಲವಾಗುತ್ತದೆ. ಒತ್ತಿಕೊಂಡ ಗಾಳಿಗೆ ಸಡಿಲವಾದ ಕಡೆಗೆ ಹೋಗುವುದಕ್ಕಿಂತ ಸುಲಭವಾದ ಕೆಲಸವಿನ್ನೊಂದಿಲ್ಲ; ಅದು ಸ್ಪೀಕರಿನ ಅಂಚನ್ನು ಬಳಸಿ ಹಿಂದಕ್ಕೆ ಜಾರಿಕೊಳ್ಳುತ್ತದೆ. ಎಂದರೆ ಎದುರಿನ ಶಬ್ದವನ್ನು ಬೆನ್ನಿನ ಶಬ್ದ ನುಂಗಿಹಾಕುತ್ತದೆ. ಮೇಲಿನ ಸ್ವರಗಳಿಗೆ ಈ ಬಾಧೆ ಹೆಚ್ಚಾಗಿ ಇಲ್ಲ, ಏತಕ್ಕೆಂದರೆ ಅವುಗಳ ಅಲೆ ಗಿಡ್ಡ. ಅಂಚನ್ನು ಬಳಸಿ ಬರುವಷ್ಟರಲ್ಲಿ ಶಂಕುವೇ ಹಲವು ಸಲ ಆಡಿರುತ್ತದೆ. ಸೆಕೆಂಡಿಗೆ 65 ಕಂಪನದ ಮಂದ್ರ ಸ್ವರದ ಅಲೆಯಾದರೋ ಐದು ಮೀಟರಿಗಿಂತಲೂ ಉದ್ದ. ಅದರ ಮುಂದೆ ಎಂಟು ಅಂಗುಲದ ಸ್ಪೀಕರು ನದಿಗೆ ಅಡ್ಡವಿಟ್ಟ ತಟ್ಟೆಯಂತೆ.

ನಂಬಿಕೆ ಬರದವರು ಒಂದು ಪರೀಕ್ಷೆ ಮಾಡಿ ನೋಡಬಹುದು. ದೊಡ್ಡದೊಂದು ರಟ್ಟಿನ ಹಾಳೆಯಲ್ಲಿ ಸ್ಪೀಕರಿನ ಬಾಯಷ್ಟು ತೂತು ಕೊರೆದು, ನುಡಿಯುತ್ತಿರುವ ಸ್ಪೀಕರಿನ ಮುಂದೆ ಅದನ್ನು ಹಿಡಿಯಿರಿ. ರಟ್ಟು ತಗುಲಿದೊಡನೆ ದನಿಗೆ ತೂಕ ಬರುತ್ತದೆ; ತೆಗೆದೊಡನೆ ಹೋಗುತ್ತದೆ. ಎದುರು ಬೆನ್ನುಗಳ ನಡುವೆ ಗೋಡೆ ಎದ್ದಂತಾಯಿತಲ್ಲ, ಅಷ್ಟೇ ರಹಸ್ಯ. ಗೋಡೆ ದೊಡ್ಡದಾದಷ್ಟೂ ಒಳ್ಳೆಯದು. ಮನೆಯ ಗೋಡೆಯಲ್ಲೇ ತೂತು ಕೊರೆದು ಸ್ಪೀಕರನ್ನು ಕೂರಿಸಿದರೆ ಉತ್ತಮೋತ್ತಮ ಎಂದು ಮೇಷ್ಟರು ಹೇಳಿದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಉದ್ದದ ಅಲೆಗೆ ಹಿರಿದಾದ ಸಾಧನವೇ ಬೇಕೆಂಬುದನ್ನು ನನಗೆ ಮನದಟ್ಟು ಮಾಡಿಸಿದವನು ಗೌರಿಬಿದನೂರಿನ ನನ್ನ ಸಹಪಾಠಿ. ಅವನ ಊರಿನ ಹತ್ತಿರ 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಒಂದು ರೇಡಿಯೋ ದೂರದರ್ಶಕವನ್ನು ಹೂಡಿದುವು. ಗಾಜಿನ ಮಸೂರದ ದೂರದರ್ಶಕವಲ್ಲ. ಬಯಲಿನಲ್ಲಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಸಾಲುಸಾಲಾಗಿ ನೆಟ್ಟ ಒಂದು ಸಾವಿರ ತಂತಿಯ ಆಂಟೆನಾಗಳು. ಪೂರ್ವ ಪಶ್ಚಿಮದ ಸಾಲೊಂದೇ ಸುಮಾರು 1.4 ಕಿಲೋಮೀಟರು. ಅದು ಆಕಾಶದಿಂದ ಹಿಡಿಯುತ್ತಿದ್ದುದು 34.5 ಮೆಗಾಹರ್ಟ್ಸಿನ ರೇಡಿಯೋ ಅಲೆಗಳನ್ನು. ಅವುಗಳ ಉದ್ದ 8.7 ಮೀಟರು. ನಾನು ತಮಾಷೆಗೆಂದು ಲೆಕ್ಕ ಹಾಕಿ ನೋಡಿದೆ: ಗಾಳಿಯಲ್ಲಿ ಸೆಕೆಂಡಿಗೆ 40 ಕಂಪನದ ಶಬ್ದದ ಅಲೆ 8.6 ಮೀಟರು! ಒಂದು ವಿದ್ಯುತ್ಕಾಂತದ ಅಲೆ, ಇನ್ನೊಂದು ಬರಿಯ ಗಾಳಿಯ ಅಲೆ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಆದರೂ ಅಲೆಯ ಉದ್ದ ಒಂದೇ ಆದಮೇಲೆ ಕಷ್ಟವೂ ಒಂದೇ. ಅವರಿಗೆ ಬಯಲಿತ್ತು, ನನಗಿದ್ದುದು ಅಜ್ಜಿಯ ನಡುಮನೆಯ ಒಂದು ಮೂಲೆ.

ಬಯಲಿಲ್ಲದವರಿಗೆ ಒಂದು ಒಳದಾರಿಯುಂಟು. ಗೋಡೆಯನ್ನು ಹಿಗ್ಗಿಸುವ ಬದಲು ಅದನ್ನು ಸುತ್ತಲೂ ಮಡಿಸಿ ಬೆನ್ನಿನ ಶಬ್ದವನ್ನು ಸೆರೆಹಿಡಿದುಬಿಡುವುದು. ಸ್ಪೀಕರಿನ ಪೆಟ್ಟಿಗೆಯೆಂಬುದು ಈ ಸೆರೆಮನೆಯೇ.

ನಮ್ಮ ಹಳ್ಳಿಗಳ ಹುಡುಗರಿಗೆ ಈ ಉಪಾಯ ಹೊಸದಲ್ಲ. ಮಡಕೆಯ ಬಾಯಿಗೆ ಸ್ಪೀಕರನ್ನು ಮಗುಚಿಟ್ಟು ಹಾಡು ಕೇಳುವುದನ್ನು ಹುಳುಮನೆಗಳಲ್ಲಿ, ಟೀ ಅಂಗಡಿಗಳಲ್ಲಿ ನೀವೆಲ್ಲರೂ ಕಂಡಿರುವಿರಿ. ನಾನೂ ಅಲ್ಲಿಂದಲೇ ತೊಡಗಿದೆ. ಅಗಲ ಬಾಯಿಯ ಮಡಕೆಯೊಂದನ್ನು ತಂದು, ನೀರು ಜಿನುಗಿಸುವ ಮಣ್ಣು ಗಾಳಿಯನ್ನೂ ಜಿನುಗಿಸೀತೆಂದು ಹೊರಗೆಲ್ಲ ಬಣ್ಣ ಬಳಿದು, ಬಾಯಿಗೆ ಸ್ಪೀಕರನ್ನು ಅಂಟಿಸಿದೆ. ಈಗ ಬಂದಿತು ನೋಡಿ ದನಿ! ನಡುಮನೆ ಗುಂಯ್ಗುಟ್ಟಿತು. ಚಿಕ್ಕಪ್ಪನವರೂ ತಲೆದೂಗಿದರು. ಅಜ್ಜಿಯನ್ನು ಕರೆದು ಕೂರಿಸಿದೆ. ಅವರು ಈ ಸಲ ಪೂರಾ ಒಂದು ಪದವನ್ನು ಕೇಳಿ, "ಮಡಕೆಯೊಳಗೆ ತಲೆ ಹಾಕಿಕೊಂಡು ಹಾಡಿದರೆ ಯಾರ ದನಿಯಾದರೂ ಹಿಂಗೇ ಇರ್ತದಪ್ಪ" ಎಂದರು.

ನಾನು ಸಿನಿಮಾ ಹಾಡೊಂದನ್ನು ಹಾಕಿ ನೋಡಿದೆ. ವಾರ್ತೆಯನ್ನು ಹಾಕಿ ನೋಡಿದೆ. ಅಜ್ಜಿಯ ಮಾತು ನೂರಕ್ಕೆ ನೂರು ನಿಜ. ಹಾಡುಗಾರರಿಗೂ ವಾರ್ತೆ ಓದುವವರಿಗೂ ಒಂದೇ ಗಂಟಲು ಬಂದುಬಿಟ್ಟಿತ್ತು. ಮಡಕೆ ತಾತನ ದನಿಯನ್ನು ತೋರಿಸುತ್ತಿರಲಿಲ್ಲ, ತನ್ನ ದನಿಯನ್ನು ಎಲ್ಲರ ಮೇಲೂ ಹೊದಿಸುತ್ತಿತ್ತು.

ಏತಕ್ಕೆ ಹೀಗಾಗುತ್ತದೆಂಬುದನ್ನು ತುಸು ವಿವರಿಸಬೇಕು. ಸೆರೆಸಿಕ್ಕ ಗಾಳಿ ಸುಮ್ಮನಿರುವುದಿಲ್ಲ, ಸ್ಪ್ರಿಂಗಿನಂತೆ ವರ್ತಿಸುತ್ತದೆ. ಶಂಕು ಒಳಕ್ಕೆ ಹೋದರೆ ಹೊರಕ್ಕೆ ತಳ್ಳುತ್ತದೆ. ಹೊರಕ್ಕೆ ಬಂದರೆ ಒಳಕ್ಕೆ ಎಳೆಯುತ್ತದೆ. ಸೈಕಲ್ ಪಂಪಿನ ಮೂತಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿದವರಿಗೆ ಈ ಸ್ಪ್ರಿಂಗಿನ ಪರಿಚಯವಿದ್ದೇ ಇದೆ. ಸ್ಪ್ರಿಂಗಿಗೆ ತೂಗುಹಾಕಿದ ಯಾವ ವಸ್ತುವಿಗೂ ತನ್ನದೇ ಆದ ಒಂದು ಕುಣಿತದ ವೇಗವಿರುತ್ತದೆ. ಸ್ಪೀಕರಿಗೂ ಹಾಗೆಯೇ ಒಂದು ಸಹಜ ಕಂಪನವುಂಟು. ಆ ಸ್ವರ ಬಂದೊಡನೆ ಅದು ಮಿತಿಮೀರಿ ಕುಣಿಯುತ್ತದೆ. ಗಾಳಿಯ ಜಾಗ ಕಿರಿದಾದಷ್ಟೂ ಸ್ಪ್ರಿಂಗು ಬಿಗಿ. ಬಿಗಿಯಾದಷ್ಟೂ ಸಹಜ ಕಂಪನ ಮೇಲಕ್ಕೇರುತ್ತದೆ, ಕುಣಿತವೂ ಹೆಚ್ಚುತ್ತದೆ. ಇದರ ಮೇಲೆ ಮಡಕೆ ದುಂಡಗಿರುವುದರಿಂದ ಒಳಗೋಡೆಗೆ ಬಡಿದ ಅಲೆಗಳೆಲ್ಲ ಒಟ್ಟಾಗಿ ನಡುವಿಗೇ ಮರಳುತ್ತವೆ. ಹಾಡುಗಾರ ಯಾರೇ ಆಗಲಿ, ಗುಂಯ್ಕಾರ ಮಡಕೆಯದು.

ಇದನ್ನು ಅಳೆಯುವ ಬಗೆಯನ್ನು ಮೇಷ್ಟರು ತೋರಿಸಿಕೊಟ್ಟರು. ಮೊಬೈಲಿನಲ್ಲಿ ಬೇಕಾದ ಕಂಪನದ ಸ್ವರವನ್ನು ಹುಟ್ಟಿಸುವ ಆ್ಯಪುಗಳಿವೆ. ಆ ಸ್ವರವನ್ನು ಸಣ್ಣದೊಂದು ಆಂಪ್ಲಿಫೈಯರಿನ ಮೂಲಕ ಹಾಯಿಸಿ, ನಡುವೆ ಒಂದು ಸಾವಿರ ಓಮಿನ ರೆಸಿಸ್ಟರನ್ನು ಸೇರಿಸಿ ಸ್ಪೀಕರಿಗೆ ಕೊಡಬೇಕು. ಸ್ಪೀಕರಿನ ಎರಡು ತುದಿಗಳಿಗೆ ಮಲ್ಟಿಮೀಟರನ್ನು ಹಿಡಿದು, ಸ್ವರವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಒಂದು ಕಡೆ ಮುಳ್ಳು ತಟ್ಟನೆ ಮೇಲೇರಿ ಮತ್ತೆ ಇಳಿಯುತ್ತದೆ. ಆ ಶಿಖರವೇ ಸಹಜ ಕಂಪನ. ನನ್ನ ಸ್ಪೀಕರು ಬಯಲಿನಲ್ಲಿದ್ದಾಗ ಶಿಖರ ಸಿಕ್ಕಿದ್ದು 52ರಲ್ಲಿ. ಮಡಕೆಯ ಮೇಲಿಟ್ಟಾಗ 111ರಲ್ಲಿ. ಗಂಡುದನಿಯ ಕೆಳಗಿನ ಸ್ವರಗಳು ಓಡಾಡುವ ಓಣಿಯಲ್ಲೇ ಮಡಕೆ ಅಡ್ಡ ನಿಂತಿತ್ತೆಂದಾಯಿತು.

ಮಡಕೆಯನ್ನು ನಾನು ನಿಂದಿಸಬಾರದು. ಪೆಟ್ಟಿಗೆಯ ಅಳತೆ ನನಗೆ ಸಿಕ್ಕಿದ್ದು ಅದರಿಂದಲೇ. ಎಸ್.ಪಿ. ರೋಡಿನ ಸ್ಪೀಕರಿನ ಜೊತೆಗೆ ಗುಣವಿವರದ ಚೀಟಿ ಬರುವುದಿಲ್ಲ. ಆದರೆ ಗೊತ್ತಿರುವ ಜಾಗದಲ್ಲಿ ಸಹಜ ಕಂಪನ ಎಷ್ಟು ಏರಿತೆಂಬುದು ತಿಳಿದರೆ, ಸ್ಪೀಕರಿನ ಸ್ವಂತ ಬಿಗುವು ಎಷ್ಟು ಲೀಟರು ಗಾಳಿಯ ಬಿಗುವಿಗೆ ಸಮವೆಂಬುದನ್ನು ಗುಣಿಸಿ ತೆಗೆಯಬಹುದು. ಮಡಕೆಗೆ ಲೀಟರಿನಲ್ಲಿ ನೀರು ಹೊಯ್ದು ಅಳೆದೆ. ಸ್ಪೀಕರಿನ ಬೆನ್ನು ತುಂಬುವ ಜಾಗವನ್ನು ಕಳೆದು ಹತ್ತು ಲೀಟರು ಉಳಿಯಿತು. 111ನ್ನು 52ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಒಂದನ್ನು ಕಳೆದು, ಹತ್ತರಿಂದ ಗುಣಿಸಿದರೆ ಸುಮಾರು 36 ಲೀಟರು. ಈ ಲೆಕ್ಕಗಳ ಮಾರ್ಗವನ್ನು ಹಾಕಿಕೊಟ್ಟವರು ಇಬ್ಬರು: ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಅದಕ್ಕೂ ಮುಂಚೆ, 1954ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಾಗಿ ದುಡಿಸಿಕೊಂಡು, ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ದನಿ ತೆಗೆದು ತೋರಿಸಿದ್ದರು.

ಇನ್ನು ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು? ಒಳ ಅಳತೆ 45 ಸೆಂಟಿಮೀಟರು ಎತ್ತರ, 30 ಅಗಲ, 20 ಆಳವೆಂದು ನಿಶ್ಚಯಿಸಿದೆ. ಮೂರನ್ನೂ ಗುಣಿಸಿದರೆ 27 ಲೀಟರು. ಅಯಸ್ಕಾಂತಕ್ಕೂ ಒಳಗಿನ ಊರೆಪಟ್ಟಿಗೂ ಒಂದೂವರೆ ಲೀಟರು ಕಳೆಯಿರಿ, ಉಳಿದದ್ದು 25.5. ಈಗ 36ನ್ನು 25.5ರಿಂದ ಭಾಗಿಸಿ ಒಂದನ್ನು ಕೂಡಿಸಿದರೆ 2.41, ಅದರ ವರ್ಗಮೂಲ 1.55, ಅದನ್ನು 52ರಿಂದ ಗುಣಿಸಿದರೆ ಸುಮಾರು 81. ಸಹಜ ಕಂಪನ 111ರಿಂದ 81ಕ್ಕೆ ಇಳಿಯಿತು, ಕುಣಿತವೂ ಹದಕ್ಕೆ ಬಂದಿತು. ಪೆಟ್ಟಿಗೆಯನ್ನು ಇದರ ಮೂರರಷ್ಟು ಹಿಗ್ಗಿಸಿದರೂ 63ಕ್ಕಿಂತ ಕೆಳಗಿಳಿಯದು. ಅಷ್ಟು ದೊಡ್ಡದನ್ನು ತಂದರೆ ಅಜ್ಜಿ ಹೊರಕ್ಕೆ ಹೋಗಬೇಕಾಗುತ್ತಿತ್ತು. 65ರ ಮಂದ್ರ ತಂತಿ ಇದರಲ್ಲಿ ಕೊಂಚ ಸೊರಗುತ್ತದೆಂಬುದು ನಿಜ. ಮೂಲೆಯ ಹತ್ತಿರ ಇಟ್ಟರೆ ಎರಡು ಗೋಡೆಗಳೂ ನೆಲವೂ ಸೇರಿ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಮೂರು ಅಳತೆಗಳೂ ಬೇರೆಬೇರೆಯಿರುವುದಕ್ಕೆ ಕಾರಣವನ್ನು ಮಡಕೆಯ ಪಾಡನ್ನು ಕಂಡ ಓದುಗರಿಗೆ ಹೇಳಬೇಕಾಗಿಲ್ಲ. ಸಮಚೌಕದ ಪೆಟ್ಟಿಗೆಯಲ್ಲೂ ಅಲೆಗಳು ಒಂದೇ ಸ್ವರದಲ್ಲಿ ಗುಂಪುಗೂಡುತ್ತವೆ.

ಗೌರಿಬಿದನೂರಿನ ಗೆಳೆಯ, ಪೆಟ್ಟಿಗೆಗೊಂದು ತೂತು ಕೊರೆದು ಪಿ.ವಿ.ಸಿ. ಕೊಳವೆ ಕೂರಿಸು, ದನಿ ಇನ್ನೂ ಕೆಳಕ್ಕೆ ಇಳಿಯುತ್ತದೆ ಎಂದು ಹಟ ಹಿಡಿದ. ಅದೂ ಹಳೆಯ ವಿದ್ಯೆಯೇ; ಆದರೆ ಕೊಳವೆಯ ಉದ್ದ ಬೆರಳಗಲ ತಪ್ಪಿದರೆ ಮಡಕೆಯ ಗುಂಯ್ಕಾರವೇ ಮತ್ತೊಂದು ವೇಷದಲ್ಲಿ ಬರುತ್ತದೆ. ನಾನು ಧೈರ್ಯ ಮಾಡಲಿಲ್ಲ.

ಮರದ ವಿಷಯದಲ್ಲಿ ಶಿಡ್ಲಘಟ್ಟದ ಆಚಾರರಿಗೂ ನನಗೂ ದೊಡ್ಡ ಚರ್ಚೆ ನಡೆಯಿತು. ಅವರು ನನ್ನ ಚೀಟಿಯನ್ನು ನೋಡಿ, "ಪ್ಲೈವುಡ್ಡಾ? ಸಂಗೀತದ ಕೆಲಸಕ್ಕೆ ಯಾರಾದ್ರೂ ಪ್ಲೈವುಡ್ ಹಾಕ್ತಾರೇನಪ್ಪ? ಹಲಸು ಹಾಕ್ಕೊಡ್ತೀನಿ. ವೀಣೆ ಯಾವುದ್ರಲ್ಲಿ ಮಾಡ್ತಾರೆ? ಮೃದಂಗ ಯಾವುದ್ರಲ್ಲಿ ಮಾಡ್ತಾರೆ? ಹಲಸಿನ ಮರ ತಾನಾಗೇ ಹಾಡ್ತದೆ" ಎಂದರು. ಇಷ್ಟು ಒಳ್ಳೆಯ ಮಾತಿಗೆ ಏನು ಉತ್ತರ ಕೊಡಬೇಕೆಂದು ತೋಚದೆ ನಾನು ಮರಳಿ ಬಂದೆ. ಉತ್ತರ ಹೊಳೆದದ್ದು ರಾತ್ರಿ. ತಾನಾಗಿ ಹಾಡುತ್ತದೆಂಬುದೇ ಹಲಸಿನ ಮೇಲೆ ನನಗಿದ್ದ ಆಕ್ಷೇಪಣೆ! ವೀಣೆಯ ತಂತಿ ತೆಳುವಾದದ್ದು. ಅದು ಒಂಟಿಯಾಗಿ ಗಾಳಿಯನ್ನು ಅಲುಗಿಸಲಾರದು. ಅದಕ್ಕೆ ಬದಲಾಗಿ ಮರ ಅಲುಗಬೇಕು, ಮರವೇ ಹಾಡಬೇಕು. ಆದುದರಿಂದ ವೀಣೆಗೊಂದು ಸ್ವಂತ ನಾದವುಂಟು. ಅದಕ್ಕಾಗಿಯೇ ಅದನ್ನು ಮಾಡುವುದು. ಸ್ಪೀಕರಿನ ಪೆಟ್ಟಿಗೆ ವಾದ್ಯವಲ್ಲ. ಒಳಗೆ ತಂಬೂರಿಯ ನಾದ ಆಗಲೇ ಮುಗಿದು, ಪೂರ್ಣವಾಗಿ, ಟೇಪಿನಲ್ಲಿ ಬಂದಿದೆ. ಅದಕ್ಕೆ ಇನ್ನೊಂದು ಮರ ತನ್ನ ಸ್ವರವನ್ನು ಸೇರಿಸಿದರೆ ಒಂದು ಸಭೆಯಲ್ಲಿ ಇಬ್ಬರು ಮಾತಾಡಿದಂತೆ. ಮಾರನೆಯ ದಿನ ಆಚಾರರಿಗೆ ಇದನ್ನು ಹೇಳಿದೆ. ಅವರು ಬೀಡಿ ಹಚ್ಚಿ ತುಸು ಹೊತ್ತು ಯೋಚಿಸಿ, "ಅಂದ್ರೆ ನಿಂಗೆ ಮೂಗನ ಪೆಟ್ಟಿಗೆ ಬೇಕು" ಎಂದರು. ಇಷ್ಟು ಚೊಕ್ಕಟವಾಗಿ ನನ್ನ ಮೇಷ್ಟರೂ ಹೇಳಿರಲಿಲ್ಲ.

ಮೂಗತನ ಬರುವುದು ಬಿಗುವಿನಿಂದ. ಹದಿನೆಂಟು ಮಿಲಿಮೀಟರಿನ ಪ್ಲೈವುಡ್ಡಿನ ತುಂಡುಗಳು ಆಚಾರರ ಕೊಟ್ಟಿಗೆಯಲ್ಲೇ ಮಿಕ್ಕಿದ್ದುವು. ಮುಂದಿನ ಮತ್ತು ಹಿಂದಿನ ಹಲಗೆಗಳು 48.6ಕ್ಕೆ 33.6 ಸೆಂಟಿಮೀಟರು, ಪಕ್ಕದವು 48.6ಕ್ಕೆ 20, ಮೇಲಿನ ಮತ್ತು ಕೆಳಗಿನವು 30ಕ್ಕೆ 20. ಪಕ್ಕದ ಹಲಗೆಗಳ ನಡುವೆ, ಸರಿಯಾಗಿ ಮಧ್ಯಕ್ಕಲ್ಲದೆ ಕೊಂಚ ಮೇಲಕ್ಕೆ, ಒಂದು ಊರೆಪಟ್ಟಿಯನ್ನು ಒತ್ತಿ ಕೂರಿಸಿದೆವು. ಬೆರಳಿನ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ನೋಡಬೇಕು: ಡಬಡಬ ಎಂದರೆ ಇನ್ನೂ ಮಾತಾಡುತ್ತಿದೆ, ಕಲ್ಲು ತಟ್ಟಿದಂತೆ ಟಕ್ ಎಂದರೆ ಸರಿ. ಕೀಲುಗಳಿಗೆಲ್ಲ ಫೆವಿಕಾಲ್ ಹಾಕಿ ಸ್ಕ್ರೂ ಬಿಗಿದು, ಒಳಮೂಲೆಗಳಿಗೆ ಫೆವಿಕಾಲಿನಲ್ಲಿ ಮರದ ಹೊಟ್ಟನ್ನು ಕಲಸಿ ಮೆತ್ತಿದೆವು. ಸ್ಪೀಕರಿನ ಅಂಚಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕತ್ತರಿಸಿ ಹಾಸಿದೆ. ಗಾಳಿ ಸೋರುತ್ತಿದೆಯೇ ಎಂದು ನೋಡುವುದಕ್ಕೆ ಸುಲಭ ಉಪಾಯ, ಶಂಕುವನ್ನು ಬೆರಳುಗಳಿಂದ ಮೃದುವಾಗಿ ಒಳಕ್ಕೆ ಒತ್ತಿ ಬಿಡುವುದು. ಸೋರುವ ಪೆಟ್ಟಿಗೆಯಲ್ಲಿ ಅದು ಚಟಕ್ಕನೆ ಹಿಂದಿರುಗುತ್ತದೆ. ಬಿಗಿಯಾದದ್ದರಲ್ಲಿ ಆಲಸ್ಯದಿಂದ, ನಿಧಾನವಾಗಿ. ನನ್ನದು ಮೊದಲ ಸಲ ಚಟಕ್ಕೆಂದಿತು. ತಂತಿ ಹೊರಬರುವ ತೂತನ್ನು ಮುಚ್ಚುವುದನ್ನೇ ಮರೆತಿದ್ದೆ.

ಒಳಗೆ ತುಂಬುವ ಮೆದು ವಸ್ತುವಿನ ವಿಷಯದಲ್ಲಿ ನಾನು ಅತಿ ಜಾಣತನಕ್ಕೆ ಹೋಗಿ ಕೆಟ್ಟೆ. ಬೆನ್ನಿನ ಶಬ್ದ ಒಳಗೋಡೆಗೆ ಬಡಿದು ಶಂಕುವಿನ ತೆಳು ಕಾಗದದ ಮೂಲಕವೇ ಹೊರಬರದಂತೆ ಅದನ್ನು ಎಳೆಎಳೆಯಾದ ವಸ್ತುವಿನಲ್ಲಿ ಸಿಕ್ಕಿಸಿ ದಣಿಸಬೇಕು. ಇದರಿಂದ ಪೆಟ್ಟಿಗೆಯ ಗಾಳಿ ತುಸು ಮೆದುವಾಗಿ, ಜಾಗ ಹೆಚ್ಚಾದಂತೆ ವರ್ತಿಸುವ ಲಾಭವೂ ಉಂಟು. ಶಿಡ್ಲಘಟ್ಟದಲ್ಲಿದ್ದುಕೊಂಡು ಎಳೆಗೆ ಬರವೆ? ನೂಲು ತೆಗೆದು ಉಳಿದ ರೇಷ್ಮೆಯ ತ್ಯಾಜ್ಯವನ್ನು ಒಂದು ಚೀಲ ತಂದು ತುಂಬಿದೆ. ರೇಷ್ಮೆಯಲ್ಲಿ ಹಾಸಿ ಮಲಗಿಸಿದ ದನಿ ಎಂದು ಮನಸ್ಸಿನಲ್ಲೇ ಹಿಗ್ಗಿದೆ. ನಾಲ್ಕನೆಯ ದಿನಕ್ಕೆ ಎಳೆಗಳಲ್ಲಿ ಸಿಕ್ಕಿಕೊಂಡಿದ್ದ ಹುಳದ ಚೂರುಗಳು ಕೊಳೆತು ನಡುಮನೆಯಲ್ಲಿ ನಿಲ್ಲುವ ಹಾಗಿರಲಿಲ್ಲ. ವಾರ ಕಳೆದಾಗ ಪೆಟ್ಟಿಗೆಯೊಳಗೆ ಕಪ್ಪು ಹುಳುಗಳು ಸಂಸಾರ ಹೂಡಿದ್ದುವು. ಕೊನೆಗೆ ಚಿಂತಾಮಣಿಯಲ್ಲಿರುವ ನಮ್ಮ ದೊಡ್ಡಮ್ಮ, ಹರಿದುಹೋದ ಕಂಬಳಿಯೊಂದನ್ನು ಕೊಟ್ಟು ಕಾಪಾಡಿದರು. ಉಣ್ಣೆ ಈ ಕೆಲಸಕ್ಕೆ ಹೆಸರಾದ ವಸ್ತುವೆಂದು ಮೇಷ್ಟರು ಆಮೇಲೆ ಹೇಳಿದರು. ಮೊದಲೇ ಹೇಳಬಹುದಾಗಿತ್ತು.

ಆಂಪ್ಲಿಫೈಯರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹನ್ನೆರಡು ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಅಂಗೈಯಗಲದ ಸಿದ್ಧ ಬೋರ್ಡು ಸಿಗುತ್ತದೆ. ಮನೆಯ ಮಟ್ಟಿಗೆ ಧಾರಾಳವಾಗಿ ಸಾಕು.

ಎಲ್ಲವನ್ನೂ ಜೋಡಿಸಿ ಮೂಲೆಯಲ್ಲಿಟ್ಟು ನುಡಿಸಿದೆ. ಗುಂಯ್ಕಾರವಿಲ್ಲ. ಮಡಕೆಯಲ್ಲಿದ್ದ ಅಬ್ಬರವೂ ಇಲ್ಲ; ಚಿಕ್ಕಪ್ಪನವರು "ಇಷ್ಟೇನಾ?" ಎಂದರು. ಆದರೆ ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ಎಣಿಸುವ ಹಾಗೆ ಕೇಳಿಸಿದುವು. ಪದದ ನಡುವೆ ತಾತ ಉಸಿರೆಳೆದುಕೊಳ್ಳುವುದು, ಒಂದು ಸಲ ಕೆಮ್ಮಿದ್ದು, ದೂರದಲ್ಲೊಂದು ಕೋಳಿ. ಇವುಗಳ ಜೊತೆಗೆ, ಹಾಡಿನ ಅಡಿಯಲ್ಲಿ, ಒಂದು ಮಂದವಾದ ಗುಡುಗುಡು. ಅದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ನನ್ನ ಎದೆ ಒಡೆಯಿತು. ಇಷ್ಟು ಪಾಡುಪಟ್ಟರೂ ಪೆಟ್ಟಿಗೆ ಮೂಗನಾಗಿರಲಿಲ್ಲ, ಎಲ್ಲೋ ಹಲಗೆ ಅದುರುತ್ತಿದೆ! ಸ್ಕ್ರೂಗಳನ್ನೆಲ್ಲ ಮತ್ತೆ ಬಿಗಿದೆ, ಟ್ಯೂಬಿನ ಪಟ್ಟಿಯನ್ನು ಬದಲಾಯಿಸಿದೆ, ಊರೆಪಟ್ಟಿಗೆ ಮತ್ತಷ್ಟು ಅಂಟು ಸುರಿದೆ. ಗುಡುಗುಡು ಅಲ್ಲಾಡಲಿಲ್ಲ. ಮೇಷ್ಟರು ಒಂದು ಭಾನುವಾರ ನಮ್ಮೂರಿಗೇ ಬಂದರು. ಮೊಬೈಲಿನಿಂದ 40ರಿಂದ 300ರವರೆಗೆ ಒಂದೊಂದೇ ಶುದ್ಧ ಸ್ವರವನ್ನು ಹಾಯಿಸುತ್ತ, ಅಂಗೈಯನ್ನು ಒಂದೊಂದು ಹಲಗೆಯ ಮೇಲೂ ಇಟ್ಟು, ನಾಡಿ ನೋಡುವ ವೈದ್ಯರಂತೆ ಕಣ್ಣುಮುಚ್ಚಿ ಕುಳಿತರು. ಎಲ್ಲಿಯೂ ಅದುರಿಲ್ಲ. ಪೆಟ್ಟಿಗೆಗೆ ಸ್ವಂತ ದನಿಯಿದ್ದರೆ ಶುದ್ಧ ಸ್ವರಕ್ಕೂ ಅದು ಬಾಯಿ ತೆರೆಯಲೇಬೇಕಲ್ಲವೆ? ಆಮೇಲೆ ತಾವು ತಂದಿದ್ದ ಒಳ್ಳೆಯ ಹೆಡ್‌ಫೋನಿನಲ್ಲಿ ಟೇಪನ್ನು ಕೇಳಿ, ಅದನ್ನು ನನ್ನ ಕಿವಿಗೂ ಹಾಕಿದರು. ಗುಡುಗುಡು ಅಲ್ಲಿಯೂ ಇತ್ತು. "ಪೆಟ್ಟಿಗೆ ನಿರಪರಾಧಿ. ಇದು ಟೇಪಿನೊಳಗಿನದು. ಮೊಬೈಲಿನಲ್ಲಿ ಕೇಳದೆ ಹೋಗಿತ್ತು, ಮಡಕೆಯ ಗದ್ದಲದಲ್ಲಿ ಕಾಣದೆ ಹೋಗಿತ್ತು" ಎಂದರು.

ಟೇಪ್‌ರೆಕಾರ್ಡರಿನ ಮೋಟಾರಿನ ದೋಷವಿರಬೇಕೆಂದುಕೊಂಡು, ನಾನು ಗೆಳೆಯನ ಕಂಪ್ಯೂಟರಿನಲ್ಲಿ ಕೂತು ಸೆಕೆಂಡಿಗೆ 120 ಕಂಪನಕ್ಕಿಂತ ಕೆಳಗಿನದನ್ನೆಲ್ಲ ಕತ್ತರಿಸಿ ಒಂದು ಶುದ್ಧಪ್ರತಿಯನ್ನು ಮಾಡಿದೆ. ಗುಡುಗುಡು ಹೋಯಿತು. ಅದರ ಜೊತೆಗೆ ಮಂದ್ರ ತಂತಿಯೂ ಹೋಯಿತು. ಪೂಜೆಯ ನೀರಿನ ಜೊತೆಗೆ ಸಾಲಿಗ್ರಾಮವನ್ನೂ ಚೆಲ್ಲಿದ ಕೆಲಸ. ಆದರೂ ಅಜ್ಜಿಗೆ ದೋಷವಿಲ್ಲದ್ದನ್ನೇ ಕೇಳಿಸಬೇಕೆಂದು ನನ್ನ ಹಟ.

ಅಂದು ರಾತ್ರಿ ಊಟವಾದಮೇಲೆ ಕೇಳಿಸಿದೆ. ಕೈತಪ್ಪಿ ಮೂಲಪ್ರತಿಯನ್ನೇ ಹಾಕಿಬಿಟ್ಟಿದ್ದೆ. ಗುಡುಗುಡು ಬಂದಾಗಲೇ ತಿಳಿದದ್ದು. ನಿಲ್ಲಿಸೋಣವೆಂದು ಎದ್ದರೆ ಅಜ್ಜಿ ಕೈಯೆತ್ತಿ ತಡೆದರು. ಪದ ಮುಗಿಯುವವರೆಗೂ ಅವರು ಅಲುಗಲಿಲ್ಲ. ಎರಡನೆಯ ಪದವೂ ಆಯಿತು.

"ಅಜ್ಜಿ, ತಾತನ ದನಿ ಹೌದಾ?" ಎಂದು ಕೇಳಿದೆ.

"ಹೌದು" ಎಂದರು. ತುಸು ಹೊತ್ತು ಬಿಟ್ಟು, "ಅದು ನಾನು" ಎಂದರು.

ನನಗೆ ಅರ್ಥವಾಗಲಿಲ್ಲ.

"ಆ ಗುಡುಗುಡು. ಊರಿನ ಮಿಷನ್ನು ಕೆಟ್ಟುಹೋಗಿತ್ತು. ಹಿಟ್ಟಿಲ್ಲ ಅಂತ ನಾನು ಒಳಗೆ ರಾಗಿ ಬೀಸ್ತಾ ಇದ್ದೆ. ಹಾಡೋವಾಗ ಬೀಸಬೇಡ ಅಂತ ನಿಮ್ಮ ಮಾವ ಬೈದ. ಇವರು, ಬೀಸಲಿ ಬಿಡು, ರಾತ್ರಿಗೆ ಮುದ್ದೆ ಬೇಡವಾ, ಅಂದ್ರು."

ಆ ಬೀಸುವ ಕಲ್ಲು ಈಗಲೂ ನಮ್ಮ ಹಿತ್ತಲಿನಲ್ಲಿ ತುಳಸಿಕಟ್ಟೆಗೆ ಒರಗಿಕೊಂಡಿದೆ. ಮಾರನೆಯ ದಿನ ಚಿಕ್ಕಬಳ್ಳಾಪುರದ ಬಸ್ಸು ಹಿಡಿಯುವ ಮೊದಲು ಮೊಬೈಲಿನಲ್ಲಿದ್ದ ಶುದ್ಧಪ್ರತಿಯನ್ನು ಅಳಿಸಿಹಾಕಿದೆ.